ಮೊದಲ ತುತ್ತಿನ ಪಾಳಿ

"ಬಾಯಿ ತೆಗಿ ಮುದ್ಕಿ. ಇನ್ನೂ ದೊಡ್ಡದಾಗಿ. ಉಣ್ಣೋಕೆ ಕೂತಾಗ ತೆಗೀತೀಯಲ್ಲ, ಹಂಗೆ."

ತುಟಿಯಮ್ಮ ಬಾಯಿ ತೆಗೆದಳು. ಮೇಸ್ತ್ರಿ ಮೊಬೈಲಿನ ಬೆಳಕು ಬಿಟ್ಟು, ಮೂಗು ಸಿಂಡರಿಸಿ, ಗಂಟಲವರೆಗೂ ಇಣುಕಿದ. ಕಪ್ಪೆಚಿಪ್ಪು ತೊಳೆಯುವ ತೊಟ್ಟಿಯ ಸುತ್ತ ಕೂತಿದ್ದ ಹದಿನಾರು ಹೆಂಗಸರು ಕೈಯಲ್ಲಿದ್ದ ಚಾಕು ಕೈಯಲ್ಲೇ ಹಿಡಿದು ನೋಡುತ್ತಿದ್ದರು. ಶೆಡ್ಡಿನ ತಗಡಿನ ಮೇಲೆ ಕಾಗೆ ಟಪಟಪ ಓಡಾಡುತ್ತಿತ್ತು.

"ಕಣ್ಣು ಮುಚ್ಚು. ನಾಲಿಗೆ ಹೊರಗೆ ಹಾಕು."

ಮುಚ್ಚಿದಳು, ಹಾಕಿದಳು. ಮೇಸ್ತ್ರಿ ಬಲೆಚೀಲ ಹೊಲಿಯುವ ದಬ್ಬಳ ತೆಗೆದು ತನ್ನ ಅಂಗಿಗೆ ಒರೆಸಿದ. ಸ್ವಚ್ಛತೆಯ ವಿಷಯದಲ್ಲಿ ಅವನು ಬಹಳ ಕಟ್ಟುನಿಟ್ಟು.

"ಚುಚ್ಚಿದ್ದು ಗೊತ್ತಾಯ್ತಾ?"

"ಗೊತ್ತಾಯ್ತು," ಎಂದಳು ನಾಲಿಗೆ ಒಳಗೆಳೆದುಕೊಂಡು.

"ಗೊತ್ತಾಯ್ತಂತೆ ದರಿದ್ರ ಮುಂಡೇಗೆ! ನಾನಿನ್ನೂ ಚುಚ್ಚೇ ಇಲ್ಲ."

ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕು, ನಕ್ಕಿದ್ದನ್ನು ಮುಚ್ಚಲು ಕೆಮ್ಮಿದರು. ಮೇಸ್ತ್ರಿ ಮತ್ತೆ ನಾಲಿಗೆ ಹೊರಗೆ ಹಾಕಿಸಿ ಈ ಸಲ ನಿಜವಾಗಿಯೂ ಚುಚ್ಚಿದ. ತುಟಿಯಮ್ಮ ಇನ್ನೂ ಚುಚ್ಚಲಿಲ್ಲವೇನೋ ಎಂದುಕೊಂಡು ಹಾಗೇ ನಿಂತಿದ್ದಳು. ನಾಲಿಗೆಯ ಮೇಲೆ ರಕ್ತದ ಬೊಟ್ಟು ಮೂಡಿ ಗದ್ದಕ್ಕೆ ಇಳಿಯಿತು.

"ನೋಡ್ರೇ, ಎಲ್ಲಾ ಸರಿಯಾಗಿ ನೋಡ್ರಿ. ಇದು ನಾಲಿಗೆ ಅಲ್ಲ, ಚಪ್ಪಲಿ ತೊಗಲು. ಇದನ್ನ ನಂಬ್ಕೊಂಡು ನಾವು ಲಾರಿ ತುಂಬಿಸ್ತಾ ಇದ್ವಿ. ಸೋಮವಾರದಿಂದ ನೀನು ಬರ್ಬೇಡ. ನಿನ್ನ ಸೊಸೆ ಬರ್ಲಿ."

"ಅವಳಿಗೆ ಹಾಲು ಕುಡಿಯೋ ಮಗು ಇದೆ ಮೇಸ್ತ್ರಿ."

"ಇದ್ರೆ ಇರ್ಲಿ. ಮಗು ಏನು ಚಿಪ್ಪು ತಿನ್ನುತ್ತಾ?"

ತುಟಿಯಮ್ಮನ ಕೆಲಸ ತಿನ್ನುವುದು. ಎಲ್ಲರೂ ದುಡಿದು ತಿಂದರೆ ಇವಳು ತಿಂದು ದುಡಿಯುತ್ತಾಳೆ ಎಂದು ಕೇರಿಯವರು ಚುಡಾಯಿಸುತ್ತಿದ್ದರು. ಕೊಯ್ಲಿನ ದಿನ ಬೆಳಿಗ್ಗೆ ಚಿಪ್ಪು ಬೆಳೆಯಲೆಂದು ಅಳಿವೆಯಲ್ಲಿ ಇಳಿಬಿಟ್ಟ ಹಗ್ಗಗಳಲ್ಲಿ ಮೊದಲು ಎತ್ತಿದ ಹಗ್ಗದ ಚಿಪ್ಪುಗಳನ್ನು ಉಪ್ಪು ಹಾಕಿ ಬೇಯಿಸುತ್ತಾರೆ. ಅದರಲ್ಲಿ ಇಪ್ಪತ್ತನ್ನು ಅವಳು ತಿನ್ನಬೇಕು. ತಿಂದು ಶೆಡ್ಡಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಒಂದು ಗಂಟೆ ಕೂರಬೇಕು. ತುಟಿ ಜುಮ್ಮೆಂದರೆ, ಬೆರಳು ಮರಗಟ್ಟಿದರೆ ಕೈ ಎತ್ತಬೇಕು. ಎತ್ತಿದರೆ ಅವತ್ತು ಹಗ್ಗಗಳೆಲ್ಲ ಮತ್ತೆ ನೀರಿಗೆ. ಎತ್ತದಿದ್ದರೆ ಲಾರಿ ಹೊರಡುತ್ತದೆ.

ವರ್ಷದ ಕೆಲವು ವಾರ ನೀರಿನಲ್ಲಿ ಕಣ್ಣಿಗೆ ಕಾಣದಂಥ ಪಾಚಿ ಏಳುತ್ತದೆ, ತೀರಾ ಹೆಚ್ಚಾದಾಗ ಮಾತ್ರ ನೀರಿನ ಬಣ್ಣ ಕಂದುತ್ತದೆ. ಚಿಪ್ಪು ಅದನ್ನು ತಿನ್ನುತ್ತದೆ, ಚಿಪ್ಪಿಗೆ ಏನೂ ಆಗುವುದಿಲ್ಲ. ಚಿಪ್ಪು ತಿಂದವರಿಗೆ ತುಟಿ ಜುಮ್ಮೆನ್ನುತ್ತದೆ, ಆಮೇಲೆ ಕೈಕಾಲು ಸೋಲುತ್ತವೆ, ನಸೀಬು ಕೆಟ್ಟಿದ್ದರೆ ಉಸಿರು ನಿಲ್ಲುತ್ತದೆ. ಎಷ್ಟು ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಕಂಪನಿಗೆ ಪೇಟೆಯಲ್ಲಿ ಲ್ಯಾಬ್ ಗೊತ್ತು ಮಾಡಿದ್ದರು. ಲ್ಯಾಬಿನ ವರದಿ ಬರುವುದು ನಾಲ್ಕನೇ ದಿನ. ಕಿತ್ತ ಚಿಪ್ಪು ನಾಲ್ಕು ದಿನ ಇರುವುದಿಲ್ಲ. ಹಾಗಾಗಿ ಚಿಪ್ಪು ಮುಂದೆ ಹೋಗುತ್ತಿತ್ತು, ವರದಿ ಹಿಂದಿನಿಂದ ಹೋಗಿ ಸೇರಿಕೊಳ್ಳುತ್ತಿತ್ತು. ಶುರುವಿನಲ್ಲಿ ಮೇಸ್ತ್ರಿ ಬೆಕ್ಕಿಗೆ ಹಾಕಿ ನೋಡಿದ್ದ. ಬೆಕ್ಕು ತಿಂದು, ಬಾಯಿ ನೆಕ್ಕಿಕೊಂಡು, ಗೋಡೆ ಹತ್ತಿ ಹೋಗಿಬಿಡುತ್ತಿತ್ತು. ಅದು ಎಲ್ಲಿ ಸತ್ತಿತೋ, ಯಾರ ಮನೆಯ ಅಡುಗೆಮನೆಯಲ್ಲಿ ಸೊಂಪಾಗಿ ಮಲಗಿತ್ತೋ, ಹುಡುಕಿಕೊಂಡು ಹೋಗುವವರು ಯಾರು? ಮನುಷ್ಯರಾದರೆ ಕೂರು ಎಂದಲ್ಲಿ ಕೂರುತ್ತಾರೆ.

ಮೊದಲು ಹೀಗಿರಲಿಲ್ಲ. ಕಂಪನಿ ಬರುವ ಮುಂಚೆ ಕೇರಿಯವರು ಅಳಿವೆಯ ಬಂಡೆಗಳಿಂದ ತಾವೇ ಚಿಪ್ಪು ಕೀಳುತ್ತಿದ್ದರು. ಆಗ ಪಾಳಿ ಇತ್ತು. ಯಾವ ಯಾವ ಮನೆಗೆ ಪಾಲು ಹೋಗುತ್ತದೋ ಆ ಎಲ್ಲ ಮನೆಗೂ ಸರದಿ. ಪಾಳಿ ಬಂದ ಮನೆಯ ಹಿರಿಯರು ಮೊದಲು ತಿನ್ನಬೇಕು. ಉಳಿದವರು ಚಾಕು ಮಡಿಲಲ್ಲಿಟ್ಟುಕೊಂಡು ಅವರ ಮುಖ ನೋಡುತ್ತಾ ಕೂರಬೇಕು, ಗಂಟೆ ಕಳೆಯುವವರೆಗೆ ಯಾರೂ ಇನ್ನೊಂದು ಚಿಪ್ಪು ಕೀಳುವಂತಿಲ್ಲ. ತುಟಿಯಮ್ಮ ಮದುವೆಯಾಗಿ ಬಂದ ವರ್ಷ ಅವಳ ಅತ್ತೆ ಹಾಗೆ ತಿಂದು ಕೂತರು. ಮಧ್ಯಾಹ್ನಕ್ಕೆ ಅತ್ತೆಯ ಉಸಿರು ನಿಂತಿತು. ಅವತ್ತು ಕೇರಿಯಲ್ಲಿ ಬೇರೆ ಯಾರೂ ಸಾಯಲಿಲ್ಲ.

ಹನ್ನೊಂದು ವರ್ಷದ ಹಿಂದೆ ಕಂಪನಿಯ ಧಣಿ ಇಡೀ ಅಳಿವೆಯನ್ನು ಸರ್ಕಾರದಿಂದ ಗುತ್ತಿಗೆ ಹಿಡಿದು ಬಿದಿರು ನೆಟ್ಟು ಹಗ್ಗ ಇಳಿಬಿಟ್ಟರು. ಪಾಳಿಯನ್ನು ಕಾಗದದಲ್ಲಿ ಬರೆಯಲು ಹೋದರೆ ಫಾರಮ್ಮಿನಲ್ಲಿ ಒಂದೇ ಹೆಸರಿಗೆ ಜಾಗವಿತ್ತು. ಯಾರ ತುಟಿಗೆ ಬೇಗ ಗೊತ್ತಾಗುತ್ತದೆ ಎಂದು ಕೇಳಿದರು. ಎಲ್ಲರೂ ಇವಳತ್ತ ನೋಡಿದರು. ಅವಳಿಗೆ 'ಗುಣಮಟ್ಟ ಸಹಾಯಕಿ' ಎಂಬ ಹುದ್ದೆ ಬಂತು, ಕೇರಿಯವರಿಂದ ತುಟಿಯಮ್ಮ ಎಂಬ ಹೆಸರು ಬಂತು. ಉಳಿದ ಮನೆಯವರು ಅವತ್ತು ನೆಮ್ಮದಿಯಾಗಿ ಮಲಗಿದರು. ಅದನ್ನು ಅವಳು ಯಾರಿಗೂ ಎತ್ತಿ ಆಡಿದವಳಲ್ಲ, ಆದರೆ ಮರೆತವಳೂ ಅಲ್ಲ.

ಧಣಿಯ ಬಗ್ಗೆ ಏನೇ ಹೇಳಲಿ, ಚಿಪ್ಪಿನ ಬಗ್ಗೆ ಕೆಟ್ಟ ಮಾತಾಡಲು ಅವಳಿಗೆ ಮನಸ್ಸಿಲ್ಲ. ಎಳ್ಳಿನಷ್ಟಿದ್ದ ಮರಿಗಳನ್ನು ಹೆಂಗಸರೇ ಹಳೇ ಹತ್ತಿ ಬಟ್ಟೆಯಲ್ಲಿ ಹಗ್ಗಕ್ಕೆ ಸುತ್ತುತ್ತಿದ್ದರು. ವಾರದೊಳಗೆ ಬಟ್ಟೆ ನೀರಲ್ಲಿ ಕೊಳೆತು ಬಿದ್ದುಹೋಗುವಷ್ಟರಲ್ಲಿ ಮರಿಗಳು ತಮ್ಮ ನಾರಿನಿಂದ ಹಗ್ಗವನ್ನು ಅಪ್ಪಿ ಹಿಡಿದಿರುತ್ತಿದ್ದವು. ಗೊಬ್ಬರ ಬೇಡ, ತಿಂಡಿ ಬೇಡ, ಕೇಳುವುದು ಹರಿಯುವ ನೀರೊಂದೇ. ಹಗ್ಗ ಬಿಟ್ಟ ಮೂರನೇ ವರ್ಷಕ್ಕೆ ಕೆಸರಿನಂತಿದ್ದ ಅಳಿವೆ ತಿಳಿಯಾಗಿ ತಳದ ಹುಲ್ಲು ಕಾಣತೊಡಗಿತು. ಹಗ್ಗಗಳ ನೆರಳಲ್ಲಿ ಮೀನುಮರಿ ಗುಂಪುಗುಂಪಾಗಿ ನಿಲ್ಲುತ್ತಿದ್ದವು, ಏಡಿ ಬಂದವು, ಏಡಿ ಹುಡುಕಿಕೊಂಡು ಕೊಕ್ಕರೆ ಬಂದವು. ಅದನ್ನು ನೋಡಲು ಪೇಟೆಯಿಂದ ಕಾರುಗಳೂ ಬಂದವು.

ಮಧ್ಯಾಹ್ನ ಅವಳು ಮನೆಗೆ ಬಂದಾಗ ಮಗ ಬೋಟಿನಿಂದ ಆಗಲೇ ಬಂದು ಊಟಕ್ಕೆ ಕೂತಿದ್ದ. ಅವನು ಕಂಪನಿಯ ಬೋಟ್ ಓಡಿಸುವವನು. ಸುದ್ದಿ ಅವಳಿಗಿಂತ ಮುಂಚೆ ಮನೆ ತಲುಪಿತ್ತು.

"ನಾನು ಹೋಗ್ತೀನಿ ಬಿಡಿ ಅತ್ತೆ," ಎಂದಳು ಸೊಸೆ. ಐದು ತಿಂಗಳ ಮಗು ಅವಳ ಸೆರಗಿನೊಳಗೆ ಲೊಚಲೊಚ ಹಾಲು ಕುಡಿಯುತ್ತಿತ್ತು. "ನೀವು ಹನ್ನೊಂದು ವರ್ಷ ತಿಂದ್ರಿ. ನಿಮಗೇನಾಯ್ತು?"

"ನಂಗೇನಾಯ್ತು ಅಂತ ಹೇಳ್ಲೇನೇ? ತುಟಿ ಸತ್ತು ಎರಡು ವರ್ಷ ಆಯ್ತು. ಮೆಣಸಿನಕಾಯಿ ಕಚ್ಚಿದ್ರೂ ಗೊತ್ತಾಗಲ್ಲ."

ಮಗ ತುತ್ತು ಕೈಯಲ್ಲೇ ಹಿಡಿದು ತಲೆ ಎತ್ತಿದ. "ಎರಡು ವರ್ಷದಿಂದ? ಮತ್ತೆ ನೀನು ಸರಿ ಇದೆ ಅಂತ ಹೆಂಗೆ ಹೇಳ್ತಿದ್ದೆ ಅವ್ವಾ?"

"ನೀರಿನ ಬಣ್ಣ ನೋಡಿ ಹೇಳ್ತಿದ್ದೆ. ಅನುಮಾನ ಬಂದ್ರೆ ಸುಮ್ನೆ ಕೈ ಎತ್ತುತಿದ್ದೆ. ಹೋದ ತಿಂಗಳು ನೀರು ಚೆನ್ನಾಗೇ ಇತ್ತು ಕಣೋ. ನಾನು ಕೈ ಎತ್ತಲಿಲ್ಲ." ಅವಳು ಗೋಡೆಗೆ ಒರಗಿ ಕೂತಳು. "ಪೇಟೆ ಹೋಟ್ಲಲ್ಲಿ ಆ ಚಿಪ್ಪು ತಿಂದು ಬಿದ್ದಳಲ್ಲ, ಆ ಹುಡುಗಿ... ಬದುಕಿದಾಳಂತಾ?"

"ಬದುಕಿದಾಳಂತೆ."

"ನಂಗೆ ಆ ಹುಡುಗಿ ಮುಖ ಗೊತ್ತಿಲ್ಲ. ಆದ್ರೂ ದಿನಾ ಕಣ್ಮುಂದೆ ಬರ್ತಾಳೆ."

ಮಗ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ಆಮೇಲೆ ಹೇಳಿದ: "ಯಾರ ಹತ್ರಾನೂ ಬಾಯಿ ಬಿಡ್ಬೇಡ. ಇವಳು ಎರಡು ಮೂರು ತಿಂಗಳು ಹೋಗ್ಲಿ. ಅಷ್ಟರಲ್ಲಿ ಏನಾದ್ರೂ ಮಾಡೋಣ."

"ಏನು ಮಾಡ್ತೀಯೋ?"

"ಏನಾದ್ರೂ," ಎಂದು ಮಗ ಅನ್ನ ಕಲಸಿದ. ಅವನ ಅಪ್ಪನೂ ಹೀಗೇ, ಏನಾದರೂ ಮಾಡೋಣ ಎನ್ನುತ್ತಲೇ ಕಣ್ಣು ಮುಚ್ಚಿದವನು.

"ಇವಳು ತಿಂದಿದ್ದು ಹಾಲಿಗೆ ಇಳಿಯಲ್ವೇನೋ? ಇಷ್ಟುದ್ದ ಮಗುಗೆ ತುಟಿ ಜುಮ್ಮಂದ್ರೆ ಅದು ಕೈ ಎತ್ತುತ್ತಾ? ನಾನು ಬದುಕಿರೋವರೆಗೂ ಇವಳು ಆ ತಟ್ಟೆ ಮುಟ್ಟೋದು ಬೇಡ." ಅವಳಿಗೆ ಸಿಟ್ಟು ಬಂದಿತ್ತು, ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಾಗಿತ್ತು.

ಶನಿವಾರ ಬೆಳಿಗ್ಗೆ ಅವಳು ಧಣಿಯ ಬಂಗಲೆಗೆ ಹೋದಳು. ಈಗಷ್ಟೇ ನೆಲ ಒರೆಸಿದೆ, ಮೆಟ್ಟಿಲು ಹತ್ತಬೇಡ ಎಂದಳು ಕೆಲಸದವಳು. ಚಪ್ಪಲಿ ಗೂಡಿನ ಪಕ್ಕ ನಿಂತಳು. ನೆಲ ಒಣಗಿತು, ಬಿಸಿಲು ಏರಿತು, ಕೆಲಸದವಳು ಇನ್ನೊಂದು ಸಲ ನೆಲ ಒರೆಸಿದಳು. ಆಮೇಲೆ ಧಣಿ ಕೈಯಲ್ಲಿ ಕಾಫಿ ಹಿಡಿದು ವರಾಂಡಕ್ಕೆ ಬಂದರು. ಧಣಿ ಯಾವತ್ತೂ ಬಯ್ಯುವವರಲ್ಲ. ಬಯ್ಯಲು ಮೇಸ್ತ್ರಿ ಇದ್ದ.

"ಏನಮ್ಮಾ, ಹುಷಾರಾಗಿದ್ದೀಯಾ? ನಾಲಿಗೆಗೆ ಏನೋ ಆಯ್ತಂತೆ?"

"ಧಣೀ, ನನ್ನ ಸೊಸೆಗೆ ಬೇಡ. ಬೇಕಾದ್ರೆ ಅವಳು ತೊಟ್ಟಿ ತೊಳೀತಾಳೆ, ಹಗ್ಗ ಎಳೀತಾಳೆ, ಏನು ಹೇಳಿದ್ರೂ ಮಾಡ್ತಾಳೆ. ತಿನ್ನೋದು ಒಂದು ಬೇಡ."

"ಹಾಗಂದ್ರೆ ಹೇಗೆ? ಸೋಮವಾರ ಪೇಟೆಯಿಂದ ಸರ್ಟಿಫಿಕೇಟ್ ಮೇಡಂ ಬರ್ತಿದಾರೆ. ಪರಿಸರಕ್ಕೆ ಕೇಡಿಲ್ಲದ ಕೃಷಿ ಅಂತ ನಮಗೆ ಮುದ್ರೆ ಕೊಡ್ತಾರೆ. ನಿಮ್ಮ ಹಳೇ ಪದ್ಧತಿ ಬಗ್ಗೇನೂ ಅರ್ಜಿಯಲ್ಲಿ ಬರೆಸಿದೀನಿ, ಗೊತ್ತಾ? ಅದನ್ನ ಕಣ್ಣಾರೆ ನೋಡ್ಬೇಕಂತೆ ಅವರಿಗೆ. ನೀವು ಹೆಮ್ಮೆ ಪಡಬೇಕು." ಧಣಿ ಒಂದು ಗುಟುಕು ಕುಡಿದು ಅಳಿವೆಯತ್ತ ಕೈ ತೋರಿದರು. "ಒಂದೊಂದು ಚಿಪ್ಪು ದಿನಕ್ಕೆ ಎರಡು ಬಿಂದಿಗೆ ನೀರು ಸೋಸುತ್ತಮ್ಮ. ಕೊಳೆಯನ್ನೆಲ್ಲ ತನ್ನ ಹೊಟ್ಟೆಗೆ ಹಾಕ್ಕೊಂಡು ನಮಗೆ ಶುದ್ಧ ನೀರು ಕೊಡುತ್ತೆ. ಒಂದು ದಿನಾನಾದ್ರೂ ಗೊಣಗಿದ್ದು ಕೇಳಿದೀಯಾ?"

"ಅದಕ್ಕೆ ಮೊಮ್ಮಕ್ಕಳಿಲ್ಲ ಧಣೀ."

ಧಣಿ ನಕ್ಕರು. ತಮಾಷೆಯೆಂದೇ ತಿಳಿದರು. "ನಿನ್ನ ಮಗ ಬೋಟ್ ಚೆನ್ನಾಗಿ ಓಡಿಸ್ತಾನೆ," ಎಂದರು ಒಳಗೆ ಹೋಗುತ್ತಾ. "ಅಂಥ ಕೆಲಸಕ್ಕೆ ಊರಲ್ಲಿ ಎಷ್ಟು ಜನ ಕಾಯ್ತಿದಾರೆ ಅಂತ ಅವನಿಗೂ ಗೊತ್ತು."

ಭಾನುವಾರ ಮಗ ಬೋಟು ಕಟ್ಟಿ ಬಂದು, ಕಾಲು ತೊಳೆಯದೆ ಹೊಸ್ತಿಲಲ್ಲೇ ಕೂತ. ನಾಲ್ಕನೇ ಸಾಲಿನ ಹಗ್ಗದಿಂದಾಚೆ ನೀರು ಚಹಾದ ಬಣ್ಣಕ್ಕೆ ತಿರುಗಿದೆ ಎಂದ. ಮೇಸ್ತ್ರಿಗೆ ತೋರಿಸಿದನಂತೆ. ಮೇಸ್ತ್ರಿ ನೋಡಿ, ಅದು ಮೋಡದ ನೆರಳು ಎಂದನಂತೆ. ತುಟಿಯಮ್ಮ ಅಂಗಳಕ್ಕೆ ಬಂದು ತಲೆ ಎತ್ತಿದಳು. ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ.

"ಮೇಡಂ ಬಂದು ಹೋಗೋವರೆಗೂ ಯಾರೂ ತುಟಿ ಪಿಟಕ್ ಅನ್ನಬಾರದಂತೆ," ಎಂದ ಮಗ.

ತುಟಿಯಮ್ಮ ಸೆರಗು ಸಿಕ್ಕಿಸಿಕೊಂಡು ಎಡಚಿಯ ಮನೆಗೆ ಹೋದಳು. ಎಡಚಿಯೆಂದರೆ ಎಡಗೈಯಲ್ಲಿ ಚಾಕು ಹಿಡಿಯುವವಳು. ತೊಟ್ಟಿಯ ಹೆಂಗಸರಲ್ಲಿ ಅವಳ ಚಾಕೂ ಚೂಪು, ಬಾಯಿಯೂ ಚೂಪು. ಅಲ್ಲಿಂದ ಇಬ್ಬರೂ ಪಕ್ಕದ ಮನೆಗೆ ಹೋದರು. ಅಲ್ಲಿಂದ ಮೂವರು ಅದರಾಚೆಯ ಮನೆಗೆ. ಬೆಳಕಿರುವಾಗಲೇ ಹದಿನಾರೂ ಮನೆ ಮುಗಿಯಿತು. ಕೆಲವರು ತಲೆ ತಗ್ಗಿಸಿ ಕೇಳಿದರು. ಒಬ್ಬಳು ಅತ್ತಳು. ಎಡಚಿ ಮಾತ್ರ ಒಂದೇ ಮಾತು ಹೇಳಿದ್ದು: "ಹನ್ನೊಂದು ವರ್ಷ ನಿನ್ನ ಬಾಯಿ ನಾವು ಬಾಡಿಗೆಗೆ ತಗೊಂಡಿದ್ವಿ ಕಣೇ. ಥೂ ನಮ್ಮ ಜನ್ಮಕ್ಕೆ."

ಸೋಮವಾರ ಶೆಡ್ಡಿನ ತೊಟ್ಟಿಗೆ ತಾಗಿಕೊಂಡೇ ಇದ್ದ, ಬೋಟುಗಳು ನಿಲ್ಲುವ ಕಟ್ಟೆಯ ಮೇಲೆ ಮೇಜು ಹಾಕಿ ಬಿಳಿ ಬಟ್ಟೆ ಹಾಸಿದ್ದರು. ಸರ್ಟಿಫಿಕೇಟ್ ಮೇಡಂ ದೊಡ್ಡ ಅಂಚಿನ ಟೋಪಿ ಹಾಕಿಕೊಂಡು ಬಂದಿದ್ದರು. ಅವರ ಹತ್ತಿರ ನಲವತ್ತು ಪ್ರಶ್ನೆಗಳ ಪಟ್ಟಿಯಿತ್ತು. ಬಿದಿರು ಎಲ್ಲಿಂದ ತಂದಿರಿ, ಹಗ್ಗ ಪ್ಲಾಸ್ಟಿಕ್ಕೋ ನಾರೋ, ಮೀನುಮರಿ ಎಷ್ಟು ಜಾತಿ ಬಂದಿವೆ ಎಂದು ಒಂದೊಂದನ್ನೂ ತಾಳ್ಮೆಯಿಂದ ಕೇಳಿ ಬರೆದುಕೊಂಡರು. ಯಾವುದನ್ನೂ ಬಿಡುವ ಜಾತಿಯಲ್ಲ ಆಕೆ.

"ಇಪ್ಪತ್ತೆರಡನೇ ಪ್ರಶ್ನೆ," ಎಂದರು. "ಆಹಾರ ಸುರಕ್ಷತೆಗೆ ಸಮುದಾಯದ ಪಾರಂಪರಿಕ ಪದ್ಧತಿ ಇದೆ ಅಂತ ಬರೆದಿದೀರಿ. ನೋಡಬಹುದಾ?"

"ಖಂಡಿತ," ಎಂದರು ಧಣಿ, ಮೇಸ್ತ್ರಿಗೆ ಕಣ್ಸನ್ನೆ ಮಾಡಿ.

ಮೇಸ್ತ್ರಿ ತುಟಿಯಮ್ಮನ ಸೊಸೆಯನ್ನು ಕರೆದುಕೊಂಡು ಬಂದ. ಅವಳಿಗೆ ಕಂಪನಿಯ ಹೊಸ ನೀಲಿ ಏಪ್ರನ್ ಕಟ್ಟಿದ್ದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಬೇಯಿಸಿದ ಇಪ್ಪತ್ತು ಚಿಪ್ಪು ಹಬೆಯಾಡುತ್ತಿದ್ದವು. "ಒಂದು ತಿಂದು ನಗು, ಫೋಟೋಕ್ಕೆ. ಉಳಿದಿದ್ದು ಆಮೇಲೆ ತಿನ್ನು," ಎಂದು ಮೇಸ್ತ್ರಿ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಕ್ಯಾಮೆರಾದವನು ಮುಂದೆ ಬಂದ.

"ಎಷ್ಟು ವರ್ಷದಿಂದ ಈ ಕೆಲಸ ಮಾಡ್ತಿದೀರಿ?" ಎಂದರು ಮೇಡಂ.

"ಇವತ್ತಿಂದ," ಎಂದಳು ಸೊಸೆ.

ಮೊಮ್ಮಗುವನ್ನು ಎತ್ತಿಕೊಂಡು ತೊಟ್ಟಿಯ ಹೆಂಗಸರ ನಡುವೆ ನಿಂತಿದ್ದ ತುಟಿಯಮ್ಮ ಅದನ್ನು ಎಡಚಿಯ ಕೈಗೆ ಕೊಟ್ಟು ಮುಂದೆ ಬಂದಳು. "ಪದ್ಧತಿ ಅವಳಿಗೆ ಗೊತ್ತಿಲ್ಲ ಮೇಡಂ. ಹೊಸಬಳು. ನಂಗೆ ಗೊತ್ತು, ನಾನು ಹೇಳ್ಲಾ?"

"ಏಯ್, ಹಿಂದೆ ಹೋಗು," ಎಂದ ಮೇಸ್ತ್ರಿ.

"ಇಲ್ಲ, ಹೇಳಲಿ. ಹಿರಿಯರು ಹೇಳಿದ್ರೇ ಒಳ್ಳೇದು," ಎಂದು ಮೇಡಂ ಹಾಳೆ ಮಗುಚಿದರು.

ತುಟಿಯಮ್ಮ ಹೇಳಿದಳು. ಪಾಲು ಹೋಗುವ ಎಲ್ಲ ಮನೆಗೂ ಪಾಳಿ. ಪಾಳಿ ಬಂದ ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ತಿನ್ನಬೇಕು, ಹಾಲು ಕುಡಿಸುವವರು ತಿನ್ನಬಾರದು. ಇಪ್ಪತ್ತು ತಿನ್ನಬೇಕು. ಗಂಟೆ ಕಳೆಯುವವರೆಗೂ ಇನ್ನೊಂದು ಹಗ್ಗ ಎತ್ತುವಂತಿಲ್ಲ. ಹಾಲಿನ ಮಾತು ಹಳೇ ಪದ್ಧತಿಯಲ್ಲಿ ಇರಲಿಲ್ಲ, ಅದನ್ನು ಅವಳು ಆಗಷ್ಟೇ ಸೇರಿಸಿದ್ದು. ಮೇಡಂ ಅದನ್ನೂ ಬರೆದುಕೊಂಡರು.

"ತುಂಬಾ ಚೆನ್ನಾಗಿದೆ. ಸಮಾನ ಹೊಣೆ. ಹಾಗಾದ್ರೆ ಇವತ್ತು ಯಾವ ಮನೆ ಪಾಳಿ?"

"ನಮ್ಮನೇದು ಹನ್ನೊಂದು ವರ್ಷ ನಡೀತು ಮೇಡಂ. ಈ ಹದಿನಾರು ಮನೇದೂ ಅದಕ್ಕಿಂತ ಮುಂಚೆ ಎಷ್ಟೋ ಸಲ ಆಗಿದೆ. ಈ ನೀರಿಂದ ಪಾಲು ಹೋಗೋ ಮನೆಗಳಲ್ಲಿ ಇನ್ನೂ ಒಂದು ಸಲಾನೂ ಪಾಳಿ ಬರದೇ ಇರೋ ಮನೆ ಒಂದೇ."

ಅವಳು ಯಾವ ಕಡೆಯೂ ನೋಡಲಿಲ್ಲ. ಹದಿನಾರು ಹೆಂಗಸರು ಬಂಗಲೆಯ ಕಡೆ ನೋಡಿದರು. ಆ ಹೆಂಗಸರ ನೋಟದ ಹಿಂದೆಯೇ ಹೋಗಿ ಮೇಡಂ ಬಂಗಲೆ ನೋಡಿದರು, ಆಮೇಲೆ ಧಣಿಯನ್ನು ನೋಡಿದರು.

"ಆ ಮನೇಲಿ ಹಿರಿಯರು ಯಾರು?"

 ಮೇಸ್ತ್ರಿ, ಹನ್ನೊಂದು ವರ್ಷದ ಅಭ್ಯಾಸಬಲದಿಂದ, ಧಣಿಯತ್ತ ಎಲ್ಲರೂ ತಿರುಗಿದ್ದು ಕಂಡು ಅವರಿಗೆ ಕುರ್ಚಿ ಎಳೆದು ಹಾಕಿದ.

"ನಂದು ಈಗಷ್ಟೇ ತಿಂಡಿ ಆಯ್ತು," ಎಂದರು ಧಣಿ. "ಮೇಸ್ತ್ರಿ, ನಮ್ಮನೆ ಪರವಾಗಿ ನೀನೇ ತಿಂದುಬಿಡಯ್ಯ."

ಮೇಸ್ತ್ರಿ ತಟ್ಟೆ ನೋಡಿದ. ನಾಲ್ಕನೇ ಸಾಲಿನಾಚೆ ನೋಡಿದ. ಚಹಾದ ಬಣ್ಣ ಈಗ ಎರಡನೇ ಸಾಲಿಗೆ ಬಂದಿತ್ತು. "ಧಣೀ, ನಂಗೆ ಚಿಪ್ಪು ಒಗ್ಗಲ್ಲ. ಮೈಯೆಲ್ಲಾ ದದ್ದು ಏಳುತ್ತೆ."

"ಯಾವಾಗಿಂದ?"

"ಚಿಕ್ಕಂದಿನಿಂದ ಧಣೀ."

"ತಿನ್ನಲ್ಲ ಅಂದ್ರೆ ಬಿಡಿ," ಎಂದು ಎಡಚಿ ಮಗುವನ್ನು ಹೆಗಲಿಗೆ ಹಾಕಿಕೊಂಡಳು. ತನ್ನ ಚಾಕುವನ್ನು ತೊಟ್ಟಿಯ ಅಂಚಿನ ಮೇಲಿಟ್ಟಳು. "ಆದ್ರೆ ಹಗ್ಗ ಎತ್ತೋ ಹಂಗಿಲ್ಲ. ಪದ್ಧತಿ."

ಅವಳ ಪಕ್ಕದವಳೂ ಚಾಕು ಇಟ್ಟಳು. ಒಂದೊಂದಾಗಿ ಹದಿನಾರು ಚಾಕು ತೊಟ್ಟಿಯ ಅಂಚಿಗೆ ಬಂದವು. ನೀರಿನ ಕಡೆ ಬೋಟಿನ ಇಂಜಿನ್ ಗುಡುಗುಡು ಎನ್ನುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಂತಿತು. ತುಟಿಯಮ್ಮ ತಿರುಗಿ ನೋಡಿದಳು. ಮಗ ಬೋಟಿನಲ್ಲಿ ಬೀಗದ ಕೈ ಮುಷ್ಟಿಯಲ್ಲಿ ಹಿಡಿದು ತಲೆ ತಗ್ಗಿಸಿ ನಿಂತಿದ್ದ. 

"ಏನಾದರೂ ತೊಂದರೆಯಿದ್ಯಾ?" ಎಂದರು ಮೇಡಂ ಧಣಿಗೆ. "ತಿನ್ನೋಕೆ ಯಾಕೆ ಹಿಂದೆ ಮುಂದೆ ನೋಡ್ತಿದೀರಿ ಅಂತ ಬರೀಬೇಕಾಗುತ್ತೆ. ಕಾರಣಕ್ಕೆ ಇಲ್ಲಿ ಜಾಗ ಇದೆ."

ಧಣಿ ನಕ್ಕರು. ಸೊಸೆಯ ಕೈಯಿಂದ ತಟ್ಟೆ ತೆಗೆದುಕೊಂಡು ಕುರ್ಚಿಯಲ್ಲಿ ಕೂತರು. ಒಂದು ಚಿಪ್ಪು ಬಿಡಿಸಿ, ಕ್ಯಾಮೆರಾ ಇರುವ ಕಡೆಗೆ ತಿರುಗಿ, ಮಾಂಸವನ್ನು ಬಾಯಿಗೆ ಹಾಕಿಕೊಂಡರು. ಫೋಟೋ ಹೊಡೆದದ್ದಾಯಿತು. ಮೇಡಂ ಚಪ್ಪಾಳೆ ತಟ್ಟಿದರು.

ತುಟಿಯಮ್ಮ ಸ್ಟೂಲು ಎಳೆದುಕೊಂಡು ಧಣಿಯ ಎದುರಿಗೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು. ಸೊಸೆ ಏಪ್ರನ್ ಬಿಚ್ಚಿ ಮೇಸ್ತ್ರಿಯ ಕೈಗೆ ಕೊಟ್ಟು, ಮಗುವನ್ನು ಎತ್ತಿಕೊಂಡು, ಬಿಸಿಲಿಗೆ ಬೆನ್ನು ಹಾಕಿ ಹಾಲು ಕುಡಿಸಲು ಕೂತಳು. ಹದಿನಾರು ಹೆಂಗಸರು ನೆಲದಲ್ಲಿ ಸುತ್ತುಗಟ್ಟಿದರು.

"ಗಂಟೆ ಶುರು ಮಾಡ್ಲಾ?" ಎಂದು ಮೇಡಂ ಕೈಗಡಿಯಾರದ ಮೇಲೆ ಬೆರಳಿಟ್ಟರು.

"ತಡೀರಿ ಮೇಡಂ," ಎಂದಳು ತುಟಿಯಮ್ಮ. "ಇನ್ನೂ ನುಂಗಿಲ್ಲ."

ಧಣಿಯ ಬಲಗೆನ್ನೆ ಉಬ್ಬಿಕೊಂಡಿತ್ತು. ಹಣೆಯಲ್ಲಿ ಬೆವರು ಮೂಡಿತ್ತು. ಉಗುಳಲು ಎಡಗಡೆ ನೋಡಿದರು, ಅಲ್ಲಿ ಹೆಂಗಸರು. ಬಲಗಡೆ ನೋಡಿದರು, ಅಲ್ಲಿ ಕ್ಯಾಮೆರಾ. ಎಲ್ಲರೂ ಅವರ ಗಂಟಲನ್ನೇ ನೋಡುತ್ತಿದ್ದರು. ತಟ್ಟೆಯಲ್ಲಿ ಇನ್ನೂ ಹತ್ತೊಂಬತ್ತಿದ್ದವು.